ಐದು ಕೂಡಿಸು ಏಳು, ಐವತ್ತೇಳು

ತೊಗರಿ ದಾಲ್ ಮಿಲ್ಲಿನಲ್ಲಿ ಇಪ್ಪತ್ತು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಕೂಡಿಸೋದು ನನಗೇನು ಹೊಸದಲ್ಲ. ಆದರೂ ಅಣ್ಣನ ಮಗಳು ಬಿಡಲಿಲ್ಲ. "ಕಾಕಾ, ಪೈಥಾನ್ ಅಂತ ಕಂಪ್ಯೂಟರ್ ಭಾಷೆ ಅದ, ಕಲೀರಿ, ಭಾಳ ಸರಳ ಅದ" ಅಂದಳು. ಕಲಬುರಗಿಯ ಮೇ ತಿಂಗಳು, ಹೊರಗೆ 43 ಡಿಗ್ರಿ. ಫ್ಯಾನಿನ ಕೆಳಗೆ ಕೂತು ಮಾಡೋ ಕೆಲಸ ಯಾವುದಾದರೂ ಸೈ ಅಂತ ಒಪ್ಪಿಕೊಂಡೆ.

ಕಲಿಸೋ ವೆಬ್‌ಸೈಟಿನ ಮೊದಲ ಲೆಕ್ಕ, ಎರಡು ಸಂಖ್ಯೆ ತಗೊಂಡು ಮೊತ್ತ ತೋರಿಸೋ ಪ್ರೋಗ್ರಾಂ ಬರೆಯಬೇಕು. 5 ಕೊಟ್ಟೆ, 7 ಕೊಟ್ಟೆ. 57 ಬಂತು.

ನಮ್ಮ ಸೇಠ್‌ಜಿ ನೋಡಿದ್ದರೆ ಅವತ್ತೇ ಮಿಲ್ಲಿಗೆ ಪೈಥಾನ್ ತರಿಸುತ್ತಿದ್ದರು. ಹನ್ನೆರಡು ಚೀಲ ಕಳಿಸಿ ಐವತ್ತೇಳರ ಬಿಲ್! ನಮ್ಮಿಂದ ಸಂಖ್ಯೆ ಕೇಳಿ ತಗೊಳ್ಳೋ ‘ಇನ್‌ಪುಟ್’ ಅನ್ನೋ ಆಜ್ಞೆ ಏನು ಕೊಟ್ಟರೂ ಅಕ್ಷರ ಅಂತಲೇ ಹಿಡಿಯುತ್ತದಂತೆ. ಅದಕ್ಕೇ 5ರ ಪಕ್ಕ 7 ಅಂಟಿಸಿತ್ತು. ಅಕ್ಷರವನ್ನ ಸಂಖ್ಯೆ ಮಾಡೋ ‘ಇಂಟ್’ ಒಳಗೆ ಹಾಕಿದೆ. 12 ಬಂತು. ಮೀಸೆ ತಿರುವಿ ಸಬ್ಮಿಟ್ ಒತ್ತಿದೆ.

ಕೆಂಪು ಗುರುತು.

ಬೇಕಿದ್ದ ಉತ್ತರ: 12. ನನ್ನ ಉತ್ತರ: "ಮೊದಲನೇ ನಂಬರ್ ಹೇಳ್ರಿಎರಡನೇ ನಂಬರ್ ಹೇಳ್ರಿ12".

ಇನ್‌ಪುಟ್‌ನ ಕಂಸದೊಳಗೆ ನಾನು ಮರ್ಯಾದೆಯಿಂದ ಕೇಳಿದ್ದೇ ತಪ್ಪಾಗಿತ್ತು. ತಪಾಸಣೆ ಮಾಡೋ ಯಂತ್ರ ಪರದೆಗೆ ಬಂದದ್ದನ್ನೆಲ್ಲ ಉತ್ತರ ಅಂತಲೇ ಓದುತ್ತದೆ. ಬಂದವರಿಗೆ "ಬರ್ರಿ, ಕೂಡ್ರಿ, ಚಹಾ ಕುಡೀರಿ" ಅನ್ನದೇ ವ್ಯವಹಾರ ಮಾತಾಡೋದು ನಮ್ಮ ಕಡೆ ಉಂಟಾ? ಇರಲಿ. ಕಂಸ ಖಾಲಿ ಬಿಟ್ಟೆ, ಹಸಿರಾಯಿತು.

ಎರಡನೇ ಲೆಕ್ಕದಲ್ಲಿ "ಮೊತ್ತ: 12" ಅಂತ ಬರಬೇಕು. ನನಗೂ ಹಾಗೇ ಬಂತು. ಆದರೂ ಕೆಂಪು! ಕನ್ನಡಕ ಒರೆಸಿ ನೋಡಿದೆ. ಎರಡೂ ಸಾಲು ಅವಳಿ ಜವಳಿ. ಯಂತ್ರಕ್ಕೇ ಕಣ್ಣು ಮಂಜಾಗಿದೆ ಅಂತ ತೀರ್ಮಾನಿಸಿ, ಒಂದಕ್ಷರ ಬದಲಿಸದೆ ನಾಲ್ಕು ಸಲ ಸಬ್ಮಿಟ್ ಒತ್ತಿದೆ. ಲಿಫ್ಟ್ ಬರಲಿಲ್ಲ ಅಂತ ಬಟನ್ ಒತ್ತುತ್ತಲೇ ಇರ್ತೀವಲ್ಲ, ಹಾಗೆ.

ಹುಡುಗಿ ಬಂದು ಎರಡೂ ಸಾಲಿನ ಮೇಲೆ ಮೌಸ್ ಎಳೆದಳು. ನನ್ನ ಸಾಲಿನ ನೀಲಿ ಪಟ್ಟಿ ಜೋಳದ ಕಾಳಿನಷ್ಟು ಹೆಚ್ಚು ಉದ್ದ ಇತ್ತು. "ಕಾಕಾ, ಇಲ್ಲಿ ಎರಡು ಸ್ಪೇಸ್ ಅವ ನೋಡ್ರಿ." ಕೋಲನ್ ಆದಮೇಲೆ ನಾನೊಂದು ಜಾಗ ಬಿಟ್ಟಿದ್ದೆ. ಪರದೆಗೆ ಬರೆಯೋ ‘ಪ್ರಿಂಟ್’ ಆಜ್ಞೆಯಲ್ಲಿ ಕಾಮಾ ಹಾಕಿದರೆ ಪೈಥಾನ್ ತಾನೂ ಒಂದು ಬಿಡುತ್ತದೆ. ಏನೂ ಇಲ್ಲದ ಜಾಗವನ್ನೂ ಎಣಿಸೋ ಇಂಥ ಗುಮಾಸ್ತನನ್ನ ನಾನು ಕಂಡಿಲ್ಲ.

ಮೂರನೇದು ಒಂದರಿಂದ ಹತ್ತು ಎಣಿಸೋದು. ಇದರಲ್ಲೇನಿದೆ ಮಣ್ಣು ಅಂತ ಎಣಿಸೋ ಆಜ್ಞೆ ‘ರೇಂಜ್’ಗೆ 1, 10 ಕೊಟ್ಟೆ. ಒಂಬತ್ತಕ್ಕೇ ನಿಂತುಬಿಟ್ಟಿತು. ಮನೆಯವಳು ಒಳಗಿಂದ "ರೀ, ರೊಟ್ಟಿ ಆರ್ಲಾಕತ್ತಾವ" ಅಂತ ಎರಡು ಸಲ ಕೂಗಿದ್ದಾಳೆ. ಹತ್ತನೇ ಚೀಲ ಸಿಗದೆ ಏಳೋದು ಹೇಗೆ?