ಸಿಕ್ಕಿಕೊಂಡ ಅಧ್ಯಾಯ ಬಿಟ್ಟು ಮುಂದೆ ಹೋಗಿ
ಪುಸ್ತಕ ಅರ್ಧಕ್ಕೆ ನಿಂತರೆ ದಿನಾ ಒಂದೇ ಹೊತ್ತಿಗೆ ಕೂತು ಬರೆಯಿರಿ ಅಂತ ಹೇಳಿದ್ದೀರಿ ಸರ್, ಆದರೆ ಏನು ಬರೀಬೇಕು ಅಂತಾನೇ ತೋಚದಿದ್ದಾಗ ಸುಮ್ನೆ ಕೂತು ಏನು ಮಾಡೋದು? ನಾನು ಗದಗದವನು. ಇಲ್ಲೇ ಕಣಗಿನಹಾಳದಲ್ಲಿ 1905ರಲ್ಲಿ ಶುರುವಾದ ರೈತರ ಸಹಕಾರ ಸಂಘದ ಬಗ್ಗೆ ಬರೆಯುತ್ತಿದ್ದೇನೆ. ಸ್ಥಾಪಕ ಸಿದ್ದನಗೌಡ ಪಾಟೀಲರ ಬಾಲ್ಯದ ಅಧ್ಯಾಯದಲ್ಲೇ ಗಾಡಿ ನಿಂತುಬಿಟ್ಟಿತ್ತು. ಅದನ್ನು ಹಾಗೇ ಬಿಟ್ಟು, ಆಗಿನ ರೈತ ಸಾಲಕ್ಕೆ ಸಾಹುಕಾರನ ಬಾಗಿಲಿಗೇ ಯಾಕೆ ಹೋಗಬೇಕಿತ್ತು ಅನ್ನೋದನ್ನು ನಮ್ಮ ಕಾಕಾನಿಗೆ ಬಾಯಲ್ಲೇ ಹೇಳುತ್ತಾ ಹೋದೆ, ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಂಡೆ. ಅವರು ನಡುನಡುವೆ ಕೇಳಿದ ಪ್ರಶ್ನೆಗಳೇ (ಬೈದದ್ದೂ ಇತ್ತು ಬಿಡಿ) ಮುಂದಿನ ಪುಟಗಳಾದವು. ಬಾಲ್ಯ ಆಮೇಲೆ ಎರಡು ಪ್ಯಾರಾಕ್ಕೆ ಇಳಿಯಿತು, ಅದಕ್ಕಿಂತ ಜಾಸ್ತಿ ಬೇಕಾಗಿರಲೂ ಇಲ್ಲ. ಮೊದಲ ಪುಟದಿಂದಲೇ ಸಾಲಾಗಿ ಬರೀಬೇಕು ಅಂತ ಯಾರೂ ಹೇಳಿಲ್ಲ ಅಲ್ವಾ?