ಸ್ಟ್ರಾಂಬೊಲಿಗೆ ಒಂದು ರಾತ್ರಿಯಾದರೂ ಬಿಡಿ

ಇಟಲಿಯ ಸಿಸಿಲಿಯ ಉತ್ತರಕ್ಕಿರುವ ಏಯೋಲಿಯನ್ ದ್ವೀಪಗಳ ಬಗ್ಗೆ ನೀವು ಬರೆದಿದ್ದು ಓದಿ ಖುಷಿ ಆಯ್ತು. ಆದರೆ ಏಳೂ ದ್ವೀಪಗಳನ್ನು ಯಾಟ್‌ನಲ್ಲಿ ಮೂರೇ ದಿನದಲ್ಲಿ ನೋಡಿ ಮುಗಿಸಬಹುದು ಅಂದಿದ್ದೀರಲ್ಲ, ಅದನ್ನು ಒಪ್ಪಲಾರೆ. ಒಂದು ವಾರವಾದರೂ ಬೇಕು.

ಅವುಗಳಲ್ಲೊಂದಾದ, ಜ್ವಾಲಾಮುಖಿ ಇರುವ ಸ್ಟ್ರಾಂಬೊಲಿಯನ್ನೇ ತಗೊಳ್ಳಿ. ಅಲ್ಲಿ ಗಾಳಿಗೆ ಮರೆಯಾಗುವ ಬಂದರಿಲ್ಲ. ದಡ ಬಿಟ್ಟರೆ ಸಮುದ್ರ ಬೇಗ ಆಳವಾಗುತ್ತೆ, ಲಂಗರು ಹಾಕುವುದು ಕಷ್ಟ. ಗಾಳಿ ತಿರುಗಿದರೆ ಹೊರಡಲೇಬೇಕು. ನಾವು ಮೊದಲ ದಿನ ಸುಮ್ನೆ ವಾಪಸ್ ಬಂದೆವು. ಮರುದಿನ ಕತ್ತಲಾದ ಮೇಲೆ ಜ್ವಾಲಾಮುಖಿಯಿಂದ ಸಮುದ್ರಕ್ಕೆ ಇಳಿಯುವ ಶಾರಾ ದೆಲ್ ಫುವೊಕೊ ಇಳಿಜಾರಿನ ಎದುರು, ದೂರದಲ್ಲೇ ಎಂಜಿನ್ ನಿಲ್ಲಿಸಿ ಕಾದೆವು. ಮೊದಲು ಮೇಲೆ ಕೆಂಪು ಬೆಳಕು ಚಿಮ್ಮಿತು. ಸದ್ದು ಆಮೇಲೆ ಬಂತು. ಕೆಂಡದಂಥ ಕಲ್ಲುಗಳು ಕಪ್ಪು ಬೂದಿಯ ಮೇಲೆ ಉರುಳುತ್ತಾ ಬಂದವು. ದೋಣಿಯಲ್ಲಿ ಯಾರೂ ಮಾತಾಡಲಿಲ್ಲ. ಎರಡು ಸಾವಿರ ವರ್ಷಕ್ಕಿಂತ ಜಾಸ್ತಿ ಕಾಲದಿಂದ ಈ ಬೆಟ್ಟ ಹೀಗೇ ಉಗುಳುತ್ತಿದೆ. ಅದಕ್ಕೇ ನಾವಿಕರು ಇದನ್ನು ಮೆಡಿಟರೇನಿಯನ್ನಿನ ದೀಪಸ್ತಂಭ ಅಂತ ಕರೆದರು.

ಇನ್ನೊಂದು ದ್ವೀಪ ಸಲೀನಾದಲ್ಲೂ ಇಳಿಯಿರಿ. ಅಲ್ಲಿ ಕೇಪರ್ ಗಿಡದ ಮೊಗ್ಗನ್ನು ಅರಳುವ ಮುಂಚೆ ಕೈಯಲ್ಲೇ ಬಿಡಿಸಿ, ನಮ್ಮ ಮಾವಿನ ಮಿಡಿಯ ಹಾಗೆ ಉಪ್ಪಿನಲ್ಲಿ ಹಾಕಿಡುತ್ತಾರೆ. ಆಗಸ್ಟ್‌ನಲ್ಲಿ ವಿಪರೀತ ಜನ. ಜೂನ್ ಅಥವಾ ಸೆಪ್ಟೆಂಬರ್ ಒಳ್ಳೆಯದು.