ಡೀಲಕ್ಸ್ ರೂಮಿಗೊಂದು ಕಿಂಡಿ

ಚಿತ್ರದುರ್ಗದಲ್ಲಿ ಲಾಡ್ಜ್ ನಡೆಸುವವರಿಗೆ ಭದ್ರತೆಯ ಪಾಠ ಹೇಳಲು ಹೊರಗಿನಿಂದ ಯಾರೂ ಬರಬೇಕಾಗಿಲ್ಲ. ಏಳು ಸುತ್ತಿನ ಕೋಟೆ ಕಟ್ಟಿದ ಊರು. ಹೈದರಾಲಿಯ ದಂಡು ನುಗ್ಗಲು ನೋಡಿದ್ದು ಒಬ್ಬ ಮನುಷ್ಯ ತೆವಳುವಷ್ಟೇ ಅಗಲದ ಕಿಂಡಿಯಲ್ಲಿ, ಅದೂ ಕಾವಲುಗಾರ ಊಟಕ್ಕೆ ಹೋದ ಹೊತ್ತು ನೋಡಿಕೊಂಡು. ಓಬವ್ವನ ಕೈಗೆ ಒನಕೆ ಸಿಕ್ಕಿದ್ದರಿಂದ ಆವತ್ತು ಬಚಾವ್. ಲಾಡ್ಜಿನ ರೂಮಿಗೂ ಇಂಥದೊಂದು ಕಿಂಡಿ ಇದ್ದೇ ಇರುತ್ತದೆ. ಒನಕೆ ಇರೋದಿಲ್ಲ, ಅಷ್ಟೇ.

ರೂಮನ್ನು 'ಡೀಲಕ್ಸ್' ಮಾಡಬೇಕು ಅನ್ನಿಸಿದ ಮಾಲೀಕರು ಮೊದಲು ತರೋದು ಕಾರ್ಡ್ ಲಾಕ್. ಮಿರಮಿರ ಹಿಡಿಕೆ, ಕಾರ್ಡ್ ತೋರಿಸಿದರೆ ಹಸಿರು ದೀಪ. ಆದರೆ ಬಾಗಿಲು ಹಳೆಯದೇ. ಈ ಬೀಗಗಳಲ್ಲಿ ಬಹುಪಾಲು 35 ಮಿಲಿಮೀಟರಿಗಿಂತ ದಪ್ಪದ ಬಾಗಿಲಿಗೆಂದು ಮಾಡಿದವು. ಹಳೇ ಫ್ಲಶ್ ಡೋರ್ 30 ಇದ್ದರೆ ಹಿಡಿಕೆ ಲೊಡಲೊಡ ಅನ್ನುತ್ತದೆ, ಬಡಗಿ ಅದಕ್ಕೆ ಅಡಿಗೆ ರಟ್ಟಿನ ಚೂರು ಕೊಡುತ್ತಾನೆ. ರಟ್ಟು ಮೊದಲ ಮಳೆಗಾಲದಲ್ಲೇ ನೆನೆದು ಹಿಟ್ಟಾಗುತ್ತದೆ. ಬಾಗಿಲು ಅಳೆದು ಬೀಗ ತರಬೇಕು. ಬೀಗ ತಂದು ಬಾಗಿಲು ಅಳೆಯೋದು ಚಪ್ಪಲಿ ತಂದು ಕಾಲು ಹುಡುಕಿದ ಹಾಗೆ.

ನಿಜವಾದ ಕಿಂಡಿ ಇರೋದು ಬಾಗಿಲಿನ ಅಂಚಿನಲ್ಲಿ. ಬೀಗದಿಂದ ಚಾಚಿಕೊಂಡಿರುವ ದೊಡ್ಡ ನಾಲಿಗೆಯ ಪಕ್ಕ ಇನ್ನೊಂದು ಪುಟ್ಟ ನಾಲಿಗೆ ಇರುತ್ತದೆ. ಬಾಗಿಲು ಹಾಕಿದಾಗ ದೊಡ್ಡದು ಚೌಕಟ್ಟಿನ ತಗಡಿನ ತೂತಿಗೆ ಬೀಳಬೇಕು. ಚಿಕ್ಕದು ಬೀಳಲೇಬಾರದು, ತಗಡಿಗೆ ಒತ್ತಿಕೊಂಡು ಒಳಗೇ ಅಡಗಿರಬೇಕು. ಅದು ಹಾಗೆ ಒತ್ತಿಕೊಂಡಿದ್ದರೆ ಮಾತ್ರ ದೊಡ್ಡ ನಾಲಿಗೆಯನ್ನು ಹೊರಗಿನಿಂದ ಹಿಂದಕ್ಕೆ ತಳ್ಳಲು ಆಗುವುದಿಲ್ಲ. ಈಗ ಏನಾಗುತ್ತದೆ ಅಂದರೆ, ಆಷಾಢದಲ್ಲಿ ಬಾಗಿಲು ಉಬ್ಬಿ ನಾಲಿಗೆ ಸರಿಯಾಗಿ ಬೀಳದು. ಬಡಗಿ ಬರುತ್ತಾನೆ. "ಇದ್ಯಾವ ದೊಡ್ಡ ಕೆಲ್ಸ ಬಿಡ್ರಿ ಸಾವ್ಕಾರ್ರೇ" ಅಂದು ಅರ ಹಿಡಿದು ತಗಡಿನ ತೂತನ್ನೇ ಅಗಲ ಮಾಡುತ್ತಾನೆ. ಅಲ್ಲಿಂದಾಚೆ ಎರಡು ನಾಲಿಗೆಗಳೂ ಅಣ್ಣತಮ್ಮಂದಿರ ಹಾಗೆ ಒಟ್ಟಿಗೇ ತೂತಿನಲ್ಲಿ ಮಲಗುತ್ತವೆ. ಸಾವಿರಗಟ್ಟಲೆ ಕೊಟ್ಟು ತಂದ ಬೀಗ ಹಳೇ ಬಸ್ ಪಾಸಿಗೆ ಬಾಯಿ ಬಿಡುತ್ತದೆ.

ಇದಕ್ಕೆ ಅರ ಬೇಡ, ಚಿಟಿಕೆ ಕುಂಕುಮ ಸಾಕು. ನಾಲಿಗೆಯ ತುದಿಗೆ ಹಚ್ಚಿ ಬಾಗಿಲು ಹಾಕಿ ತೆಗೆದರೆ ಎಲ್ಲಿ ತಾಗುತ್ತಿದೆ ಅನ್ನೋದು ತಗಡಿನ ಮೇಲೆ ಅಚ್ಚಾಗುತ್ತದೆ. ಶುಕ್ರವಾರ ಮಾಡಿದರೆ ಪೂಜೆಯೂ ಆದಂತೆ. ನಾಲಿಗೆ ಕೆಳಗೆ ತಾಗುತ್ತಿದ್ದರೆ ತಪ್ಪು ತಗಡಿನದಲ್ಲ, ಬಾಗಿಲು ಜೋತು ಬಿದ್ದಿದೆ. ಮೇಲಿನ ಕೀಲಿನ ಸ್ಕ್ರೂ ಬಿಗಿ ಮಾಡಿ, ಅದು ಸುಮ್ಮನೆ ತಿರುಗುತ್ತಿದ್ದರೆ ಇನ್ನೂ ಉದ್ದದ್ದು ಹಾಕಿ. ಆಮೇಲೂ ಸರಿಹೋಗದಿದ್ದರೆ ತಗಡನ್ನೇ ಒಂದೆರಡು ಮಿಲಿಮೀಟರ್ ಸರಿಸಿ ಕೂರಿಸಿ.

ಈ ಬೀಗಗಳ ಹೊಟ್ಟೆಗೆ ಸಾಮಾನ್ಯವಾಗಿ ನಾಲ್ಕು ಪೆನ್‌ಸೆಲ್, ಆಲ್ಕಲೈನ್ ಜಾತಿಯವು. ಮೂರನೇ ಮಹಡಿಯ ಗೋಡೆ ಗಡಿಯಾರ ನಿಂತ ದಿನ ರೂಮ್ ಬಾಯ್ ಬೀಗದಿಂದ ಒಂದು ಹೊಸ ಸೆಲ್ ತೆಗೆದು ಗಡಿಯಾರಕ್ಕೆ, ಗಡಿಯಾರದ ಸತ್ತದ್ದನ್ನು ಬೀಗಕ್ಕೆ ಹಾಕಿರುತ್ತಾನೆ. ಗಡಿಯಾರ ಕರೆಕ್ಟ್ ಟೈಮ್ ತೋರಿಸುತ್ತದೆ, ಸರಿಯಾಗಿ ರಾತ್ರಿ ಹನ್ನೊಂದೂವರೆಗೆ ಗಿರಾಕಿ ಬಾಗಿಲ ಹೊರಗೆ ನಿಂತಿರುತ್ತಾರೆ. ನಾಲ್ಕನ್ನೂ ಒಟ್ಟಿಗೇ ಬದಲಿಸಬೇಕು, ಹಾಕಿದ ತಾರೀಖನ್ನು ಮುಚ್ಚಳದ ಒಳಗೆ ಮಾರ್ಕರಿನಲ್ಲಿ ಬರೆದಿಡಬೇಕು. ಸೆಲ್ ತೀರಿದಾಗ ತೆಗೆಯಲು ಕಬ್ಬಿಣದ ಕೀಲಿಯೊಂದನ್ನು ಬೀಗದ ಜೊತೆ ಕೊಟ್ಟಿರುತ್ತಾರೆ. ಅದು ಮಾಲೀಕರ ಜೇಬಿನಲ್ಲಿ, ಮಾಲೀಕರು ಹರಿಹರದಲ್ಲಿ ಮದುವೆ ಪಂಕ್ತಿಯಲ್ಲಿ. ಕೌಂಟರಿನಲ್ಲೇ ಮುಚ್ಚಿದ ಲಕೋಟೆಯಲ್ಲಿಟ್ಟು, ತೆಗೆದವರು ಪುಸ್ತಕದಲ್ಲಿ ಸಹಿ ಮಾಡುವ ಪದ್ಧತಿ ಇಟ್ಟುಕೊಂಡರೆ ಮಾಲೀಕರು ಪಾಯಸದವರೆಗೂ ಕೂರಬಹುದು. ಇನ್ನೊಂದು ಮಾತು. ಇಂಥ ಬೀಗಗಳಿಗೆ ಬರುವ 'ಮೈಫೇರ್ ಕ್ಲಾಸಿಕ್' ಅನ್ನೋ ಹಳೆಯ ಬಗೆಯ ಕಾರ್ಡುಗಳ ಗುಟ್ಟನ್ನು ಸಂಶೋಧಕರು 2008ರಲ್ಲೇ ಬಿಡಿಸಿದ್ದಾರೆ. ಹೊಸದಾಗಿ ಕೊಳ್ಳುವಾಗ ಕಾರ್ಡು ಯಾವ ಜಾತಿ ಅಂತ ಕೇಳಿ. ಜಾತಿ ಕೇಳಿದರೆ ತಪ್ಪಿಲ್ಲದ ಜಾಗ ಇದೊಂದೇ.

ಬಾಗಿಲಿನ ಕಣ್ಣಿನ ಕಥೆ ಚಿಕ್ಕದು. ನೆಲದಿಂದ ನಾಲ್ಕೂಮುಕ್ಕಾಲು ಅಡಿಗೆ ತೂತು ಕೊರೆದು ಮಸೂರದ ಕೊಳವೆ ಕೂರಿಸೋದು. ಒಂದೇ ಕಡೆಯಿಂದ ಡ್ರಿಲ್ ಒತ್ತಿದರೆ ಆಚೆ ಕಡೆ ಪ್ಲೈ ಕಿತ್ತು ಬರುತ್ತದೆ. ಅರ್ಧ ಇತ್ತಲಿಂದ, ಅರ್ಧ ಅತ್ತಲಿಂದ ಕೊರೆಯಬೇಕು. ಎಡವಟ್ಟು ಆಗೋದು ಕೂರಿಸುವಾಗ. ಹಿಂದುಮುಂದಾದರೆ ಒಳಗಿದ್ದವರಿಗೆ ಹೊರಗಿನದೇನೂ ಕಾಣದು, ವರಾಂಡದಲ್ಲಿ ಹೋಗುವವರಿಗೆ ಇಡೀ ರೂಮು ಜಾತ್ರೆಯ ಸಿನಿಮಾ ಪೆಟ್ಟಿಗೆಯ ಹಾಗೆ ಕಾಣುತ್ತದೆ. ಹಾಕಿಸಿದ ಮೇಲೆ ಹೊರಗೆ ನಿಂತು ಒಮ್ಮೆ ಇಣುಕಿ, ಒಳಗೆ ಮುಚ್ಚಳ ಇರುವಂಥದ್ದೇ ತನ್ನಿ. ಹಳೇ ಬಾಗಿಲಿನ ಹೊರಗಡೆ ಆಲ್‌ಡ್ರಾಪ್ ಉಳಿದಿದ್ದರೆ ಅದನ್ನು ಇವತ್ತೇ ಬಿಚ್ಚಿಸಿ. ಮದುವೆ ಪಾರ್ಟಿಯಲ್ಲಿ ಬಂದ ಹುಡುಗರು ಸೋದರಮಾವನನ್ನು ಒಳಗೆ ಕೂಡಿ ಹಾಕೋದು ತಮಾಷೆಯೇ, ಆದರೆ ಬೆಂಕಿ ಬಿದ್ದ ದಿನ ತಮಾಷೆಯಲ್ಲ.

ತಿಜೋರಿ ಪೆಟ್ಟಿಗೆಯನ್ನು ಬಹಳ ಕಡೆ ಬೀರುವಿನೊಳಗೆ ಸುಮ್ಮನೆ ಇಟ್ಟಿರುತ್ತಾರೆ. ಅದರ ತಳಕ್ಕೋ ಬೆನ್ನಿಗೋ ತೂತು ಕೊಟ್ಟಿರೋದು ಗಾಳಿಯಾಡಲು ಅಲ್ಲ, ಆಂಕರ್ ಬೋಲ್ಟ್ ಹಾಕಿ ಗೋಡೆಗೆ ಬಿಗಿಯಲು. ಬಿಗಿಯದಿದ್ದರೆ ಕಳ್ಳನಿಗೆ ಹಿಡಿಕೆಯಿಲ್ಲದ ಸೂಟ್‌ಕೇಸ್ ಕೊಟ್ಟಂತೆ. ಕಂಪನಿಯವರು ಇಟ್ಟ ಮಾಸ್ಟರ್ ನಂಬರ್, ಸಾಲಾಗಿ ಸೊನ್ನೆಯೋ ಒಂದು-ಎರಡು-ಮೂರೋ ಇರುತ್ತದಲ್ಲ, ಅದನ್ನು ಮೊದಲ ದಿನವೇ ಬದಲಿಸಿ. ತುರ್ತು ಕೀಲಿಯನ್ನು ಭದ್ರವಾಗಿರಲಿ ಅಂತ ಪೆಟ್ಟಿಗೆಯ ಒಳಗೇ ಇಟ್ಟು ಬಾಗಿಲು ಹಾಕುವವರು ಎಲ್ಲ ಊರಿನಲ್ಲೂ ಇದ್ದಾರೆ. ಅದಕ್ಕಿಂತ ಭದ್ರವಾದ ಜಾಗ ನಿಜಕ್ಕೂ ಇನ್ನೊಂದಿಲ್ಲ.

ಬಾಗಿಲ ಪಕ್ಕ ಕಾರ್ಡ್ ಸಿಕ್ಕಿಸಿದರೆ ಕರೆಂಟ್ ಬರುವ ಡಬ್ಬಿಯೂ ಡೀಲಕ್ಸ್ ಲಕ್ಷಣವೇ. ಗಿರಾಕಿ ಹೊರಗೆ ಹೋದಾಗ ಎಸಿ ತಾನೇ ಆರಲಿ ಅಂತ ಹಾಕಿಸೋದು. ಅಗ್ಗದ ಮಾದರಿಗೆ ಅಕ್ಷರ ಬರದು, ಒಳಗೆ ಏನೋ ತೂರಿದರೆ ಸಾಕು ಅಂದುಕೊಳ್ಳುತ್ತದೆ. ಹಾಗಾಗಿ ರೂಮ್ ಬಾಯ್ ಒಂದು ಲಗ್ನಪತ್ರಿಕೆಯನ್ನು ಅಳತೆಗೆ ಕತ್ತರಿಸಿ ಕಾಯಮ್ಮಾಗಿ ಸಿಕ್ಕಿಸಿಬಿಡುತ್ತಾನೆ. ತಪ್ಪು ಅವನದಲ್ಲ. ದುರ್ಗದ ಬಿಸಿಲಿನಲ್ಲಿ ಕೋಟೆ ಹತ್ತಿ ಇಳಿದು ಬಂದವರು ರೂಮು ಒಲೆಯಂತಿದೆ, ಚಾರ್ಜಿಗೆ ಇಟ್ಟುಹೋದ ಫೋನು ಸತ್ತಿದೆ ಅಂತ ಅವನನ್ನೇ ಬೈಯುತ್ತಾರೆ. ಹಾಸಿಗೆ ಪಕ್ಕದ ಒಂದು ಪ್ಲಗ್ಗಿಗೆ ಈ ಡಬ್ಬಿಯನ್ನು ದಾಟಿಸಿ ಬೇರೆ ಲೈನ್ ಎಳೆಸಿದರೆ ಫೋನಿನ ಗಲಾಟೆ ತೀರುತ್ತದೆ. ಆ ಪ್ಲಗ್ಗನ್ನು ಹಾಕಿಸುವ ಮುಂಚೆ ಹೊಸ ಹಾಸಿಗೆ ಎಷ್ಟು ದಪ್ಪ ಅಂತ ಕೇಳಿಕೊಳ್ಳಿ. ಐದಿಂಚಿನ ಜಾಗದಲ್ಲಿ ಎಂಟಿಂಚಿನದು ಬಂದು ಕೂತರೆ ಪ್ಲಗ್ಗು ದಿಂಬಿನ ಹಿಂದೆ ಅಜ್ಞಾತವಾಸಕ್ಕೆ ಹೋಗುತ್ತದೆ.

ಮಲಗಿದಲ್ಲೇ ಲೈಟ್ ಆರಿಸುವ ಸ್ವಿಚ್ಚಿನದು ಇನ್ನೊಂದು ಬಗೆ. ಟೂ-ವೇ ಸ್ವಿಚ್ಚಿಗೆ ಮೂರು ತಿರುಪು. ಎರಡು ಸ್ವಿಚ್ಚುಗಳ ನಡುವೆ ಎರಡು ವೈರ್ ಓಡಬೇಕು. ಒಂದು ವೈರ್ ಉಳಿಸಿದ ಎಲೆಕ್ಟ್ರಿಷಿಯನ್ ಎರಡನ್ನೂ ಸಾಲಾಗಿ ಜೋಡಿಸಿ ಹೋಗುತ್ತಾನೆ. ರಾತ್ರಿ ತಲೆಯ ಬಳಿ ಆರಿಸಿದ ಲೈಟು ಬೆಳಗ್ಗೆ ಬಾಗಿಲ ಬಳಿ ಎಷ್ಟು ಕುಟ್ಟಿದರೂ ಹತ್ತದು. ಅತ್ತೆ ಸೊಸೆ ಇಬ್ಬರೂ ಹೂಂ ಅಂದರೆ ಮಾತ್ರ ಬೆಳಕು. ದುಡ್ಡು ಕೊಡುವ ಮುಂಚೆ ಎರಡೂ ಸ್ವಿಚ್ಚನ್ನು ಮೇಲೆ ಕೆಳಗೆ ಮಾಡಿ, ನಾಲ್ಕೂ ಬಗೆಯಲ್ಲಿ ಒಮ್ಮೆ ಒತ್ತಿ ನೋಡಿ.

ಇನ್ನು ಗೀಸರ್. ಹದಿನೈದು ಲೀಟರಿನದು, 2000 ವ್ಯಾಟ್. 25 ಡಿಗ್ರಿಯ ನೀರು 60ಕ್ಕೆ ಏರಲು ಹದಿನೆಂಟು ನಿಮಿಷ ಬೇಕೇ ಬೇಕು. ಗಿರಾಕಿ ಐದೇ ನಿಮಿಷಕ್ಕೆ ಫೋನ್ ಮಾಡುತ್ತಾರೆ, ಅದು ಬೇರೆ. ಇಪ್ಪತ್ತು ಲೀಟರಿನ ಬಕೆಟ್ಟನ್ನು ಹದವಾಗಿ, ಅಂದರೆ 40 ಡಿಗ್ರಿಗೆ, ಬೆರೆಸಲು ಸುಮಾರು ಎಂಟೂವರೆ ಲೀಟರ್ ಬಿಸಿನೀರು ಹೋಗುತ್ತದೆ. ಲೆಕ್ಕ ಹಾಕಿ, ಎರಡನೇ ಬಕೆಟ್ಟೇ ಪೂರ್ತಿ ತುಂಬದು. ಆ ರೂಮಿಗೆ ಎರಡು ಎಕ್ಸ್‌ಟ್ರಾ ಬೆಡ್ ಹಾಕಿ ನಾಲ್ವರನ್ನು ಮಲಗಿಸಿದರೆ ನಾಲ್ಕನೆಯವರು ಶ್ರಾವಣ ಸೋಮವಾರದ ತಣ್ಣೀರ ವ್ರತ ಮಾಡಿದ ಹಾಗೇ. ಇಪ್ಪತ್ತೈದು ಲೀಟರಿನದು ಹಾಕಿಸಿ.

ಬೋರ್‌ವೆಲ್ಲಿನ ಗಡಸು ನೀರಾದರೆ ಒಳಗಿನ ಕಾಯಿಲ್ ಮೇಲೆ ಸುಣ್ಣ ಕಟ್ಟಿ ಕಂಬಳಿ ಹೊದ್ದ ಹಾಗಾಗುತ್ತದೆ. ಶಾಖ ನೀರಿಗೆ ಹೋಗದೆ ಕಾಯಿಲನ್ನೇ ಸುಡುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ಸುಣ್ಣ ತೆಗೆಸಿ, ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನೇ ಸವೆಯುವ ಮೆಗ್ನೀಸಿಯಂ ಸರಳನ್ನೂ ಬದಲಿಸಿ. ಶವರಿನ ಕಣ್ಣು ಮುಚ್ಚಿದ್ದರೆ ವಿನೆಗರ್ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಅದರ ಮೂತಿಗೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ ರಾತ್ರಿಯಿಡೀ ಬಿಡಿ. ಗೀಸರಿನ ಅಡಿಯ ವಾಲ್ವು ನೀರು ಕಾಯುವಾಗ ತೊಟ್ಟಿಕ್ಕುತ್ತದೆ. ಕಾದ ನೀರು ಹಿಗ್ಗುತ್ತದೆ, ಒತ್ತಡ ಹೊರಗೆ ಹೋಗಲು ಇಟ್ಟ ದಾರಿಯೇ ಅದು. ನೆಲ ಒದ್ದೆಯಾಗುತ್ತದೆ ಅಂತ ಅದಕ್ಕೆ ಎಂ-ಸೀಲ್ ಮೆತ್ತಿದರೆ ತಲೆಯ ಮೇಲೆ ಬಾಂಬು ತೂಗುಹಾಕಿಕೊಂಡು ಸ್ನಾನ ಮಾಡಿದಂತೆ. ಸಣ್ಣ ಪೈಪು ಸಿಕ್ಕಿಸಿ ಮೋರಿಗೆ ಬಿಟ್ಟರೆ ಮುಗಿಯಿತು. ಮುಚ್ಚಬಾರದ ಕಿಂಡಿಯೂ ಒಂದಿದೆ ಅನ್ನೋದು ಕೋಟೆಯವರಿಗೆ ಗೊತ್ತಿರಲಿಲ್ಲ, ಪಾಪ.

ಟವೆಲಿನಲ್ಲಿ ಎಲ್ಲರಿಗೂ ದಪ್ಪದ್ದೇ ಬೇಕು. ಮೂವತ್ತು-ಅರವತ್ತು ಇಂಚಿನ ಟವೆಲು 700 ಜಿಎಸ್‌ಎಮ್, ಅಂದರೆ ಚದರ ಮೀಟರಿಗೆ 700 ಗ್ರಾಂ, ಆದರೆ ಒಣಗಿದಾಗಲೇ ಎಂಟುನೂರು ಗ್ರಾಂ ತೂಗುತ್ತದೆ. ಮಳೆಗಾಲದಲ್ಲಿ ಎರಡು ದಿನ ಒಣಗದೆ ಮುಗ್ಗಲು ವಾಸನೆ ಹೊಡೆಯುತ್ತದೆ. 450-500 ಸಾಕು. ಬಣ್ಣ ಬಿಳಿ ಇರಲಿ ಅಂತ ದೊಡ್ಡ ಹೋಟೆಲಿನವರು ಹೇಳೋದು ಸರಿ, ಆದರೆ ಅವರ ಗಿರಾಕಿಗಳು ದಾವಣಗೆರೆಯಿಂದ ಕಟ್ಟಿಸಿಕೊಂಡು ಬಂದ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಟವೆಲಿಗೆ ಕೈ ಒರೆಸಿರುವುದಿಲ್ಲ. ಅರಿಶಿನದ ಕಲೆಗೆ ಸೋಪು ಹಾಕಿದ ತಕ್ಷಣ ಅದು ಕೆಂಪಾಗುತ್ತದೆ. ಧೋಬಿ ಹೆದರಿ ಇನ್ನಷ್ಟು ಸೋಡಾ ಹಾಕಿ ಇನ್ನಷ್ಟು ಕೆಂಪು ಮಾಡುತ್ತಾನೆ. ಕ್ಷಾರ ತಾಗಿದರೆ ಅರಿಶಿನದ ಗುಣವೇ ಅದು, ರಕ್ತ ಅಂದುಕೊಂಡು ಪೊಲೀಸರನ್ನು ಕರೆಯಬೇಡಿ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹರವಿದರೆ ಬಣ್ಣ ತಾನೇ ಮಾಸುತ್ತದೆ, ದುರ್ಗದಲ್ಲಿ ಬಿಸಿಲಿಗೇನೂ ಬರವಿಲ್ಲ. ಬೆಣ್ಣೆ ದೋಸೆಯ ಜಿಡ್ಡಿಗೆ ಮಾತ್ರ ಬಿಸಿಲು ಸಾಲದು, ಬಿಸಿನೀರು ಬೇಕು. ಬಿಸಿನೀರಿಗೆ ಗೀಸರ್ ಹಾಕಬೇಕು, ಗೀಸರಿಗೆ ಡಬ್ಬಿಯಲ್ಲಿ ಕಾರ್ಡ್ ಇರಬೇಕು. ಇದೆಯೋ ಇಲ್ಲವೋ ನೋಡಲು ಹೋದರೆ ಲಗ್ನಪತ್ರಿಕೆಯ ತುಂಡು ಅಲ್ಲೇ ಕೂತಿರುತ್ತದೆ, ವಧೂವರರ ಹೆಸರು ಕತ್ತರಿಗೆ ಹೋಗಿ 'ಚಿ|| ಸೌ||' ಅಷ್ಟೇ ಉಳಿದುಕೊಂಡು.